ಬಚ್ಚಲು ಒಡೆಯುವ ಮೊದಲು ನೀರಿಗೊಂದು ಜಾಗ ಮಾಡಿ

ಪ್ರಶ್ನೆ: ಸರ್, ನಮ್ಮದು ಸಿಂಧನೂರು. 30×40 ಸೈಟಿನಲ್ಲಿ 2003ರಲ್ಲಿ ಕಟ್ಟಿಸಿದ ಮನೆ, ನೆಲಮಹಡಿ ಮಾತ್ರ. ನಾವು ಆರು ಜನ. ಬಚ್ಚಲು 7×4 ಅಡಿ, ಪಕ್ಕದಲ್ಲೇ 4×3 ಅಡಿಯ ಪಾಯಖಾನೆ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ವಾರವೂ ಆಗುತ್ತದೆ. ಬಚ್ಚಲಲ್ಲಿ ಎರಡು ದೊಡ್ಡ ಡ್ರಮ್ಮು, ವಾಷಿಂಗ್ ಮಷಿನ್ನು, ಬಕೆಟ್ಟುಗಳು, ಅತ್ತೆಯವರ ತಾಮ್ರದ ಹಂಡೆ. ತಿರುಗೋಕೆ ಜಾಗ ಇಲ್ಲ. ಮಲಗುವ ಕೋಣೆ 10×10. ಅದರಲ್ಲಿ ಮಂಚ, ತಿಜೋರಿ, ಟ್ರಂಕು, ಕೌದಿ ಗಂಟು, ವರ್ಷದ ಅಕ್ಕಿ ಚೀಲ ಎಲ್ಲಾ ಇವೆ. ಬಚ್ಚಲು, ಪಾಯಖಾನೆ ನಡುವಿನ ಗೋಡೆ ತೆಗೆದು ಒಂದೇ ದೊಡ್ಡ ಬಾತ್‌ರೂಮ್ ಮಾಡೋಣ, ಬಚ್ಚಲ ಗೋಡೆಗೆ ಹೊಂದಿಸಿ ಕೋಣೆಯಲ್ಲಿ ಪೂರ್ತಿ ವಾರ್ಡ್‌ರೋಬ್ ಮಾಡಿಸೋಣ ಅಂತ ಇದ್ದೇವೆ. ಆ ಗೋಡೆಯ ಬಣ್ಣ ಮೂರಡಿ ಎತ್ತರದವರೆಗೆ ಉದುರುತ್ತದೆ, ಎರಡು ಸಲ ಪೇಂಟ್ ಹೊಡೆಸಿದರೂ ನಿಲ್ಲಲಿಲ್ಲ. ವಾರ್ಡ್‌ರೋಬ್ ಬಂದರೆ ಅದೂ ಮುಚ್ಚಿಹೋಗುತ್ತದೆ ಅನ್ನೋ ಲೆಕ್ಕ. ಪಡುವಣ ಗೋಡೆ ಬೇಸಿಗೆಯಲ್ಲಿ ಮುಟ್ಟೋಕಾಗದಷ್ಟು ಕಾಯುತ್ತದೆ, ಅದಕ್ಕೆ ಆ ಕಡೆ ಏನೂ ಇಟ್ಟಿಲ್ಲ. ಅತ್ತೆಗೆ ಮೊಣಕಾಲು ನೋವು, ಕಮೋಡ್ ಬೇಕೇ ಬೇಕು. ಕೈಯಲ್ಲಿ ಎರಡು ಲಕ್ಷ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಕ್ಕಾವರೇ, ಅಳತೆ ಸಮೇತ ಬರೆದಿದ್ದೀರಿ, ಅದರಿಂದ ನನ್ನ ಕೆಲಸ ಸುಲಭವಾಯಿತು. ಮೊದಲು ಒಂದು ಮಾತು. ನಿಮ್ಮ ಬಚ್ಚಲು ಚಿಕ್ಕದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬರೀ ಸ್ನಾನದ ಕೋಣೆಗೆ ಕನಿಷ್ಠ 1.8 ಚದರ ಮೀಟರ್ ಇದ್ದರೆ ಸಾಕು, ಅಂದರೆ ಸುಮಾರು 19 ಚದರ ಅಡಿ. ನಿಮ್ಮದು 28 ಇದೆ. ಹಾಗಾದರೆ ಜಾಗ ಎಲ್ಲಿ ಹೋಯಿತು? ಲೆಕ್ಕ ಹಾಕಿ ನೋಡಿ. 200 ಲೀಟರಿನ ಡ್ರಮ್ಮು ಸುತ್ತಲಿನ ಸಂದು ಸೇರಿಸಿ 2×2 ಅಡಿ ಹಿಡಿಯುತ್ತದೆ. ಎರಡಕ್ಕೆ 8 ಚದರ ಅಡಿ ಹೋಯಿತು. ವಾಷಿಂಗ್ ಮಷಿನ್ನಿಗೆ 4. ಎರಡೂವರೆ ಅಡಿ ಬಾಗಿಲು ಒಳಕ್ಕೆ ತೆರೆಯುತ್ತಿದ್ದರೆ ಅದು ತಿರುಗುವುದಕ್ಕೆ ಇನ್ನೊಂದು 5. ಒಟ್ಟು 17 ಹೋದರೆ ಉಳಿಯುವುದು 11 ಚದರ ಅಡಿ, ಅದರಲ್ಲೂ ಹಂಡೆ, ಬಕೆಟ್ಟು. ಅಂದರೆ ನಿಮ್ಮ ಬಚ್ಚಲಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಸ್ನಾನಕ್ಕೆ ಸಂಬಂಧವೇ ಇಲ್ಲದ ವಸ್ತುಗಳ ಪಾಲಾಗಿದೆ.

ಸಿಂಧನೂರು, ಮಾನ್ವಿ, ರಾಯಚೂರು, ಈ ಕಡೆಯ ಮನೆಗಳಲ್ಲಿ ಇದು ಹೊಸದಲ್ಲ. ಫೋನಿನಲ್ಲಿ ನೋಡುವ ಚಂದದ ಬಾತ್‌ರೂಮುಗಳೆಲ್ಲ ಇಪ್ಪತ್ನಾಲ್ಕು ಗಂಟೆ ನಲ್ಲಿಯಲ್ಲಿ ನೀರಿರುವ ಮನೆಗಳವು. ನಮ್ಮಲ್ಲಿ ಬಚ್ಚಲೇ ನೀರು ಸಂಗ್ರಹಿಸುವ ಜಾಗ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ನಿಂತಿತೆಂದರೆ ಸರದಿ ಇನ್ನೂ ದೂರ ಹೋಗುತ್ತದೆ, ಮನೆಯವರು ಇನ್ನೊಂದು ಡ್ರಮ್ಮು ತರುತ್ತಾರೆ. ಈ ನೀರಿಗೆ ಬೇರೆ ಜಾಗ ಮಾಡದೆ ನೀವು ಎಷ್ಟೇ ಒಳ್ಳೆ ಟೈಲ್ಸ್ ಹಾಕಿಸಿ, ಕನ್ನಡಿ ಕಪಾಟು ಕೂರಿಸಿ, ಆರು ತಿಂಗಳಲ್ಲಿ ಡ್ರಮ್ಮು ಮತ್ತೆ ಅಲ್ಲೇ ಬಂದು ಕೂರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಮೊದಲ ಖರ್ಚು ನೀರಿನ ಮೇಲೆ ಆಗಲಿ.

ಎಷ್ಟು ನೀರು ಬೇಕು? ಒಳಚರಂಡಿ ಇರುವ ಊರುಗಳಿಗೆ ಸರ್ಕಾರ ಇಟ್ಟುಕೊಂಡಿರುವ ಅಳತೆ ಒಬ್ಬರಿಗೆ ದಿನಕ್ಕೆ 135 ಲೀಟರ್. ಡ್ರಮ್ಮಿನಿಂದ ಮೊಗೆದು ಬಳಸುವ ಮನೆಯಲ್ಲಿ ಅಷ್ಟು ಖರ್ಚಾಗುವುದಿಲ್ಲ. ನಿಮಗೆ ತಲೆಗೆ 100 ಲೀಟರ್ ಅಂತ ಹಿಡಿಯೋಣ. ಆರು ಜನ, ನಾಲ್ಕು ದಿನ, ಅಂದರೆ 2,400 ಲೀಟರ್. ಉದ್ದ 6, ಅಗಲ 4, ಆಳ 4 ಅಡಿಯ ಒಂದು ಸಂಪು ಸುಮಾರು 2,700 ಲೀಟರ್ ಹಿಡಿಯುತ್ತದೆ. ಮನೆ ಮುಂದೆ ಗೇಟಿನ ಒಳಗೆ ಅಷ್ಟು ಜಾಗ ಸಿಗುವುದು ಕಷ್ಟವಲ್ಲ, ಮುಚ್ಚಳ ಹಾಕಿದ ಮೇಲೆ ಅದರ ಮೇಲೇ ಓಡಾಡಬಹುದು. ಆದರೆ ಒಂದು ಎಚ್ಚರಿಕೆ ಬೇಕು. ನಿಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇಟ್ಟಿಗೆಯಲ್ಲಿ ಕಟ್ಟಿದ ಸಂಪು ಆ ಎಳೆದಾಟಕ್ಕೆ ಸೀಳುತ್ತದೆ, ನೀರು ಸೋರಿ ಪಾಯದ ಕೆಳಗಿನ ಮಣ್ಣನ್ನೇ ನೆನೆಸುತ್ತದೆ, ಆಮೇಲೆ ಮನೆ ಗೋಡೆಯಲ್ಲೂ ಬಿರುಕು. ಹಾಗಾಗಿ ಆರ್‌ಸಿಸಿ, ಅಂದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಸಂಪು ಮಾಡಿಸಿ, ಪಾಯಕ್ಕೆ ಅಂಟಿಸಿ ಅಗೆಯಬೇಡಿ, ಪಾಯಖಾನೆ ಗುಂಡಿಯಿಂದ ಆದಷ್ಟು ದೂರ ಇಡಿ. ನಲ್ಲಿ ಪೈಪನ್ನು ನೇರ ಸಂಪಿಗೆ ಕೊಟ್ಟು ತೇಲುವ ಬಾಲ್ ವಾಲ್ವ್ ಹಾಕಿಸಿದರೆ ಯಾರೂ ಎದ್ದು ಕೊಡ ಹಿಡಿದು ನಿಲ್ಲಬೇಕಿಲ್ಲ.

ಸಂಪಿನಿಂದ ಚಿಕ್ಕ ಮೋಟಾರಿನಲ್ಲಿ ಮಾಳಿಗೆಯ ಟ್ಯಾಂಕಿಗೆ ಏರಿಸಿ. 1,000 ಲೀಟರ್ ನೀರು ಅಂದರೆ ಒಂದು ಟನ್ ತೂಕ, ಟ್ಯಾಂಕು ಬೇರೆ. ಅದನ್ನು ಸ್ಲಾಬಿನ ನಡುಮಧ್ಯೆ ಇಡಬಾರದು, ಎರಡು ಗೋಡೆ ಕೂಡುವ ಮೂಲೆಯ ಮೇಲೆ ಕಟ್ಟೆ ಕಟ್ಟಿ ಇಡಬೇಕು. ಮನೆಗೆ ಇಪ್ಪತ್ತು ವರ್ಷ ದಾಟಿದೆ, ಟ್ಯಾಂಕು ಏರಿಸುವ ಮೊದಲು ಒಬ್ಬ ಇಂಜಿನಿಯರ್ ಬಂದು ಸ್ಲಾಬ್ ನೋಡಲಿ. ಇನ್ನೊಂದು ಕಾರಣಕ್ಕೂ ಡ್ರಮ್ಮು ಮನೆಯೊಳಗಿಂದ ಹೋಗಬೇಕು. ಡೆಂಗ್ಯೂ ತರುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವುದಕ್ಕೆ ಒಂದು ವಾರ, ಹತ್ತು ದಿನ ಸಾಕು. ಡ್ರಮ್ಮಿನ ತಳ ಯಾವತ್ತೂ ಪೂರ್ತಿ ಖಾಲಿಯಾಗುವುದಿಲ್ಲ, ಮುಚ್ಚಳವೂ ಸರಿಯಾಗಿ ಕೂರುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಹಗುರವಾಗಿ ತಗೋಬೇಡಿ.

ವಾಷಿಂಗ್ ಮಷಿನ್ನು ಹಿತ್ತಲಿಗೆ ಹೋಗಲಿ. ಮೇಲೊಂದು ಶೀಟು, ಪಕ್ಕದಲ್ಲಿ ನೀರು ಹೋಗುವ ದಾರಿ, ಅರ್ಥ್ ಇರುವ ಪ್ಲಗ್ಗು, ಇಷ್ಟಿದ್ದರೆ ಸಾಕು. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಒಡೆಯುತ್ತದೆ, ಹಾಗಾಗಿ ನೆರಳು ಮುಖ್ಯ. ಬಟ್ಟೆ ಒಣಗಿಸುವ ತಂತಿಯೂ ಅಲ್ಲೇ ಇರುತ್ತದೆ ಅಲ್ವಾ, ಓಡಾಟವೂ ಕಮ್ಮಿ.

ಈಗ ಗೋಡೆ ತೆಗೆಯುವ ವಿಷಯ. ದಯವಿಟ್ಟು ಬೇಡ. ಬಚ್ಚಲಿಗೂ ಪಾಯಖಾನೆಗೂ ನಡುವೆ ಇರುವುದು ನಾಲ್ಕೂವರೆ ಇಂಚಿನ ಗೋಡೆ ಇರಬೇಕು. ಅದನ್ನು ತೆಗೆದರೆ ಸಿಗುವುದು ಒಂದೂವರೆ ಚದರ ಅಡಿ ಮಾತ್ರ. ಕಳೆದುಕೊಳ್ಳುವುದು ಏನು? ಬೆಳಿಗ್ಗೆ ಆರು ಜನರಲ್ಲಿ ಒಬ್ಬರು ಸ್ನಾನಕ್ಕೆ ನಿಂತರೆ ಉಳಿದ ಐದು ಜನ ಪಾಯಖಾನೆಗೆ ಕಾಯಬೇಕು. ಶಾಲೆಗೆ ಹೋಗುವವರು, ಕೆಲಸಕ್ಕೆ ಹೋಗುವವರು, ವಯಸ್ಸಾದವರು ಇರುವ ಮನೆಯಲ್ಲಿ ಬೇರೆ ಬೇರೆ ಇರುವುದೇ ದೊಡ್ಡ ಅನುಕೂಲ. ಹಳೆಯವರು ಹಾಗೆ ಕಟ್ಟಿಸಿದ್ದಕ್ಕೆ ಅರ್ಥ ಇದೆ. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಹಾಕಿಸಿದರೆ ಸಾಕು, ಗೋಡೆ ಮುಟ್ಟದೆ 5 ಚದರ ಅಡಿ ಸಿಗುತ್ತದೆ. ಒಳಗೆ ಯಾರಾದರೂ ಜಾರಿ ಬಿದ್ದರೂ ಹೊರಗಿನಿಂದ ಬಾಗಿಲು ತೆಗೆಯಬಹುದು. ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರೇ ಅಡ್ಡವಾಗುತ್ತಾರೆ. ಕೈತೊಳೆಯುವ ಬೇಸಿನ್ ಬಚ್ಚಲ ಒಳಗೆ ಬೇಡ, ಹೊರಗಿನ ಓಣಿಯಲ್ಲೇ 32 ಇಂಚು ಎತ್ತರಕ್ಕೆ ಕೂರಿಸಿ. ಊಟಕ್ಕೆ ಬಂದವರು ಕೈ ತೊಳೆಯಲು ಬಚ್ಚಲಿಗೆ ನುಗ್ಗುವುದು ತಪ್ಪುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಆ ಬಣ್ಣ ಉದುರುವ ಗೋಡೆ. ಅದರ ಮೇಲೆ ವಾರ್ಡ್‌ರೋಬ್ ಕೂರಿಸಿ ಮುಚ್ಚಿಬಿಡೋಣ ಅನ್ನುವುದನ್ನು ಮನಸ್ಸಿನಿಂದ ತೆಗೆದುಹಾಕಿ. ಗೋಡೆ ನೀರು ಕುಡಿಯುತ್ತಿದೆ. ಆ ನೀರಿನ ಜೊತೆ ಉಪ್ಪು ಮೇಲೆ ಬಂದು, ಒಣಗುವಾಗ ಹರಳಾಗಿ, ಬಣ್ಣವನ್ನೂ ಗಾರೆಯನ್ನೂ ಹೊರಕ್ಕೆ ತಳ್ಳುತ್ತದೆ. ಎಷ್ಟು ಸಲ ಪೇಂಟ್ ಹೊಡೆದರೂ ಉದುರುವುದು ಇದಕ್ಕೇ. ಅದಕ್ಕೆ ಪ್ಲೈವುಡ್ ಒತ್ತಿ ನಿಲ್ಲಿಸಿದರೆ ಗಾಳಿ ಆಡುವುದಿಲ್ಲ, ಹಿಂದೆ ಬೂಸ್ಟು ಬರುತ್ತದೆ, ತೇವ ಹುಡುಕಿಕೊಂಡು ಗೆದ್ದಲು ಬರುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ರೇಷ್ಮೆ ಸೀರೆವರೆಗೆ ಬಂದಿರುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಮೊದಲು ಪತ್ತೆ ಮಾಡಬೇಕು. ಮನೆಯ ಎಲ್ಲಾ ಗೋಡೆಗಳಲ್ಲೂ ಕೆಳಗೆ ಒಂದೇ ಎತ್ತರಕ್ಕೆ ಪಟ್ಟಿಯಂತೆ ತೇವ ಇದ್ದರೆ ಅದು ಪಾಯದಿಂದ ಏರಿದ್ದು. ಬರೀ ಬಚ್ಚಲ ಹಿಂದಿನ ಗೋಡೆಗಿದ್ದರೆ ಅಪರಾಧಿ ಬಚ್ಚಲೇ. ಆಗ ಎರಡು ಸಾಧ್ಯತೆ. ಒಂದು, ಗೋಡೆಯೊಳಗಿನ ಪೈಪು. 2003ರ ಮನೆ ಅಂದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇರುವ ಸಾಧ್ಯತೆ ಜಾಸ್ತಿ, ನಮ್ಮ ಉಪ್ಪುನೀರಿಗೆ ಅದು ಒಳಗಿಂದ ತುಕ್ಕು ಹಿಡಿದು ತೂತಾಗುತ್ತದೆ. ಟ್ಯಾಂಕಿನ ಲೈನಿಗೆ ಸೇರಿದ್ದರೆ ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಎರಡು, ನೆಲ ಮತ್ತು ಗೋಡೆ ಕೂಡುವ ಮೂಲೆ. ಟೈಲ್ಸ್ ನೀರು ತಡೆಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಟೈಲ್ಸ್ ತಡೆಯಬಹುದು, ಸಂದು ತಡೆಯುವುದಿಲ್ಲ. ದಿನಾ ಆರು ಸ್ನಾನದ ನೀರು ಆ ಸಂದಿನಲ್ಲಿ ಇಳಿದು ಕೆಳಗಿನ ಉಸುಕಿನಲ್ಲಿ ನಿಂತು, ನಿಧಾನವಾಗಿ ಇಟ್ಟಿಗೆಗೆ ಏರುತ್ತದೆ. ಮಟ್ಟ ಇಳಿಯದಿದ್ದರೆ ಬಹುಮಟ್ಟಿಗೆ ಇದೇ ಕಾರಣ.

ಹಾಗಾಗಿ ಬಚ್ಚಲನ್ನು ಒಡೆಯುವುದು ಚಂದಕ್ಕಲ್ಲ, ಈ ನೀರು ನಿಲ್ಲಿಸಲು. ಹಳೆ ಟೈಲ್ಸ್ ಮೇಲೆ ಹೊಸ ಟೈಲ್ಸ್ ಅಂಟಿಸಿ ಬೇಗ ಮುಗಿಸೋಣ ಅಂತ ಗೌಂಡಿ ಹೇಳಬಹುದು. ಒಪ್ಪಬೇಡಿ. ನೆಲ ಎತ್ತರವಾಗುತ್ತದೆ, ಇಳಿಜಾರು ಕೆಡುತ್ತದೆ, ರೋಗ ಒಳಗೇ ಉಳಿಯುತ್ತದೆ. ಹಳೆ ಟೈಲ್ಸ್, ಅದರ ಕೆಳಗಿನ ಗಾರೆ, ಎಲ್ಲಾ ತೆಗೆದು ಗಟ್ಟಿ ತಳದವರೆಗೆ ಹೋಗಲಿ. ಪೈಪುಗಳನ್ನು ಪೂರ್ತಿ ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಬದಲಿಸಿ, ಬಿಸಿನೀರಿಗೂ ಅದು ತಡೆಯುತ್ತದೆ. ಮುಚ್ಚುವ ಮೊದಲು ಪ್ಲಂಬರ್ ಪ್ರೆಶರ್ ಪಂಪು ಹಾಕಿ ಪೈಪು ಪರೀಕ್ಷೆ ಮಾಡಲಿ. ಮಾಳಿಗೆ ಮೇಲೆ ಬಿಸಿಲಿಗೆ ಬೀಳುವ ಪೈಪಿಗೆ ಬಿಳಿ ಬಣ್ಣ ಹೊಡೆಸಿ.

ಆಮೇಲೆ ನೀರು ತಡೆಯುವ ಲೇಪ. ಸಿಮೆಂಟಿನ ಜೊತೆ ಪಾಲಿಮರ್ ಕಲಸಿ ಹಚ್ಚುವಂಥದ್ದು ಸಿಗುತ್ತದೆ. ಎರಡು ಕೋಟು, ಒಂದು ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ನೆಲಕ್ಕೆ ಪೂರ್ತಿ, ಗೋಡೆಗೆ ಕಮ್ಮಿ ಅಂದರೂ ಒಂದಡಿ, ನೀರು ಹುಯ್ಯುವ ಕಡೆ ತಲೆ ಎತ್ತರದವರೆಗೆ. ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ಗುಂಡಗೆ ಮಾಡಿ ಲೇಪ ಹಚ್ಚಬೇಕು, ಸೀಳುವುದು ಅಲ್ಲೇ. ಅದು ಒಣಗಿದ ಮೇಲೆ ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಮಟ್ಟ ಬೀಳಬಾರದು, ಆಚೆ ಗೋಡೆ ಬಣ್ಣ ಬದಲಾಗಬಾರದು. ಇಲ್ಲಿ ಎರಡು ದಿನ ಸುಮ್ನೆ ಕಾಯಬೇಕು ಅಂತ ಕೆಲಸದವರಿಗೆ ಬೇಸರವಾಗುತ್ತದೆ, ನೀರೂ ದಂಡ ಅನ್ನಿಸುತ್ತದೆ. ಆದರೂ ಈ ಪರೀಕ್ಷೆ ಆಗದೆ ಒಂದು ಟೈಲೂ ಕೂರಿಸಲು ಬಿಡಬೇಡಿ.

ನೆಲದ ಇಳಿಜಾರು ಒಂದಡಿಗೆ ಕಾಲು ಇಂಚು. ನಿಮ್ಮ ಏಳು ಅಡಿಗೆ ಒಂದೂಮುಕ್ಕಾಲು ಇಂಚು ಬರುತ್ತದೆ. ದೊಡ್ಡ ಟೈಲಿಗೆ ನಾಲ್ಕೂ ಕಡೆಯಿಂದ ಇಳಿಜಾರು ಕೊಡುವುದು ಕಷ್ಟ, ಹಾಗಾಗಿ ನೆಲಕ್ಕೆ 1×1 ಅಡಿಯ ಜಾರದ ಟೈಲ್ಸ್ ಸಾಕು. ಸಂದಿಗೆ ಎಪಾಕ್ಸಿ ತುಂಬಿಸಿ. ಬಿಳಿ ಸಿಮೆಂಟು ಆಸಿಡ್ಡಿಗೆ ಕರಗುತ್ತದೆ, ಎಪಾಕ್ಸಿ ಬೇಗ ಸೋಲುವುದಿಲ್ಲ.

ಆಸಿಡ್ ಅಂದ ಕೂಡಲೇ ನೆನಪಾಯಿತು. ನಮ್ಮ ಕಡೆ ಬಚ್ಚಲಿನ ಹಲಗೆಗೂ ಕಡಪ ಕಲ್ಲು, ನೆಲಕ್ಕೆ ಶಹಾಬಾದ ಕಲ್ಲು ಹಾಕುವ ರೂಢಿ ಇದೆ. ಎರಡೂ ಸುಣ್ಣದ ಕಲ್ಲು. ನಲ್ಲಿಯ ಸುತ್ತ ಕೂರುವ ಬಿಳಿ ಕರೆಯೂ ಸುಣ್ಣವೇ. ಆ ಕರೆ ಬಿಡಿಸುವ ಆಸಿಡ್ಡು ಕಲ್ಲನ್ನೂ ಹಾಗೇ ತಿನ್ನುತ್ತದೆ, ಒಂದೆರಡು ವರ್ಷದಲ್ಲಿ ಒರಟಾಗಿ ಕೊಳೆ ಹಿಡಿಯುತ್ತದೆ. ಬಚ್ಚಲೊಳಗೆ ಗ್ರಾನೈಟ್ ಹಾಕಿಸಿ. ಕುಷ್ಟಗಿ, ಇಳಕಲ್ ಕಡೆಯ ಕೆಂಪು ಗ್ರಾನೈಟಿನ ತುಂಡುಗಳು ಕಲ್ಲಿನ ಅಂಗಡಿಯಲ್ಲಿ ಸಿಕ್ಕರೆ ಚಿಕ್ಕ ಹಲಗೆಗೆ ಅಷ್ಟೇ ಸಾಕು, ಪೂರ್ತಿ ಸ್ಲಾಬ್ ಕೊಳ್ಳಬೇಕಿಲ್ಲ.

ಬಚ್ಚಲೊಳಗೆ ಏನೇನು ಇಡಬೇಕು? ಒಂದು ಗೋಡೆಗೆ 16ರಿಂದ 18 ಇಂಚು ಎತ್ತರದ, ಒಂದಡಿ ಅಗಲದ ಗ್ರಾನೈಟ್ ಕಟ್ಟೆ. ಅತ್ತೆಯವರು ಅದರ ಮೇಲೆ ಕೂತು ಸ್ನಾನ ಮಾಡಬಹುದು, ಕೆಳಗೆ ಬಕೆಟ್ಟು, ಚೊಂಬು ಸರಿಸಬಹುದು. ಬಾಗಿಲ ಮೇಲೆ 7 ಅಡಿ ಎತ್ತರದಲ್ಲಿ ಒಂದು ಹಲಗೆ, ಸೋಪಿನ ಪುಡಿ, ಫಿನಾಯಿಲ್, ತಿಂಗಳ ಸಾಮಾನು ಅಲ್ಲಿಗೆ. ಸೋಪು, ಶಾಂಪೂಗೆ ಗೋಡೆಯಲ್ಲೇ ಮಾಡ ಬಿಡಿಸಿ. ಹಳೆ ಮನೆಗಳಲ್ಲಿ ದೀಪಕ್ಕೆ, ಎಣ್ಣೆಗೆ ಬಿಡಿಸುತ್ತಿದ್ದರಲ್ಲ, ಅದೇ. ಆದರೆ ಮಾಡವನ್ನು ಹೊರಗಿನ 9 ಇಂಚಿನ ಗೋಡೆಯಲ್ಲಿ ಮಾತ್ರ ಕೊರೆಯಬೇಕು, 4 ಇಂಚು ಆಳ, ಒಂದಡಿ ಅಗಲ ಸಾಕು. ನಾಲ್ಕೂವರೆ ಇಂಚಿನ ಒಳಗೋಡೆಯನ್ನು ಕೊರೆದರೆ ಆಚೆ ಉಳಿಯುವುದು ಗಾರೆ ಮಾತ್ರ. ಮಾಡದ ತಳಕ್ಕೂ ಸ್ವಲ್ಪ ಮುಂದಕ್ಕೆ ಇಳಿಜಾರು ಕೊಡಿ, ಒಳಗೂ ಅದೇ ನೀರು ತಡೆಯುವ ಲೇಪ ಹಚ್ಚಿ. ಮರದ, ಪ್ಲೈವುಡ್ಡಿನ ಕಪಾಟು ಬಚ್ಚಲೊಳಗೆ ಯಾವುದೂ ಬೇಡ. ಕೊಕ್ಕೆ, ಟವೆಲ್ ಸರಳು ಕೊಳ್ಳುವಾಗ 304 ಸ್ಟೀಲ್ ಅಂತ ಕೇಳಿ ತಗೊಳ್ಳಿ, 202 ನಮ್ಮ ಉಪ್ಪುನೀರಿಗೆ ಬೇಗ ಚುಕ್ಕಿ ಬೀಳುತ್ತದೆ. ಗೋಡೆಯೊಳಗೆ ಹೂತುಬಿಡುವ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ವಾಲ್ವ್), ಅಡಗಿಸಿದ ಫ್ಲಶ್ ಟ್ಯಾಂಕು ಬೇಡ. ಒಳಗೆ ಸುಣ್ಣ ಕಟ್ಟಿಕೊಂಡರೆ ಬಿಚ್ಚಿ ತೊಳೆಯಲು ಗೋಡೆಯನ್ನೇ ಒಡೆಯಬೇಕಾಗುತ್ತದೆ. ಹೊರಗೆ ಕಾಣುವ ಸಾದಾ ನಲ್ಲಿಯೇ ನಮಗೆ ಸರಿ.

ಗೀಸರ್ ಇದ್ದರೆ ಬಾಗಿಲ ಪಕ್ಕದ ಗಟ್ಟಿ ಗೋಡೆಗೆ, ಸ್ನಾನದ ಜಾಗದಿಂದ ದೂರ. ಸ್ವಿಚ್ ಬಚ್ಚಲ ಹೊರಗೆ, 16 ಆಂಪಿಯರ್ ಪಾಯಿಂಟು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು) ಕಡ್ಡಾಯ. ದೊಡ್ಡದು ಬೇಡ, ನಮ್ಮಲ್ಲಿ ಬೇಸಿಗೆಯಿಡೀ ಮಾಳಿಗೆ ಟ್ಯಾಂಕಿನ ನೀರೇ ಕಾದಿರುತ್ತದೆ.

ಪಾಯಖಾನೆಗೆ ಬರೋಣ. 4×3 ಅಡಿ ಅಂದರೆ 12 ಚದರ ಅಡಿ, ಕಟ್ಟಡ ಸಂಹಿತೆ ಹೇಳುವ ಕನಿಷ್ಠ 1.1 ಚದರ ಮೀಟರಿಗೆ ಸರಿಯಾಗಿ ಕೂರುತ್ತದೆ. ಕಮೋಡನ್ನು ನಾಲ್ಕಡಿ ಉದ್ದದ ಕೊನೆಯಲ್ಲಿ ಕೂರಿಸಿ. ಮಧ್ಯದಿಂದ ಎರಡೂ ಗೋಡೆಗೆ ಒಂದೂವರೆ ಅಡಿ ಸಿಗುತ್ತದೆ, 15 ಇಂಚಿಗಿಂತ ಕಮ್ಮಿ ಆಗಬಾರದು. ಮುಂದೆ ಸುಮಾರು 21 ಇಂಚು ಉಳಿಯುತ್ತದೆ, ಇಕ್ಕಟ್ಟೇ, ಆದರೆ ನಡೆಯುತ್ತದೆ, ಬಾಗಿಲು ಹೊರಕ್ಕೆ ತೆರೆದರೆ ಮಾತ್ರ. ಹಳೆ ಪೈಪಿನ ಬಾಯಿ ಎಲ್ಲಿದೆಯೋ ಅದರ ಹತ್ತಿರಕ್ಕೇ ಕಮೋಡ್ ಬರಲಿ. ದೂರ ಸರಿಸಿದರೆ ಇಳಿಜಾರು ಸಾಲದೆ ಕಟ್ಟಿಕೊಳ್ಳುತ್ತದೆ. ಕೊಳ್ಳುವ ಮೊದಲು ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ಇಂಚು ಅಂತ ಅಳೆದುಕೊಂಡು ಅಂಗಡಿಗೆ ಹೋಗಿ, ಎಸ್ ಟ್ರ್ಯಾಪ್ (ಪೈಪು ನೆಲದೊಳಕ್ಕೆ ಇಳಿಯುವ) ಕಮೋಡಿನಲ್ಲಿ 9 ಇಂಚಿನದು, 12 ಇಂಚಿನದು ಬೇರೆ ಬೇರೆ ಬರುತ್ತವೆ. ಫ್ಲಶ್ಶಿಗೆ ಎರಡು ಗುಂಡಿ ಇರುವ ಟ್ಯಾಂಕು ತಗೊಳ್ಳಿ, ಒಂದಕ್ಕೆ 3 ಲೀಟರ್, ಇನ್ನೊಂದಕ್ಕೆ 6. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಇದು ದೊಡ್ಡ ಉಳಿತಾಯ. ಅತ್ತೆಯವರಿಗೆ ಪಕ್ಕದ ಗೋಡೆಗೆ ಹಿಡಿಕೆ, ನೆಲದಿಂದ 33-34 ಇಂಚು ಎತ್ತರದಲ್ಲಿ. ಟೈಲ್ಸಿಗೆ ಮಾತ್ರ ಸ್ಕ್ರೂ ಹೊಡೆದರೆ ಕಿತ್ತುಬರುತ್ತದೆ, ಇಟ್ಟಿಗೆಯೊಳಗೆ ಆಳಕ್ಕೆ ಹೋಗಬೇಕು. ಅವರ ಪೂರ್ತಿ ಭಾರ ಅದರ ಮೇಲೆ ಬೀಳುತ್ತದೆ, ನೀವೇ ಜೋತುಬಿದ್ದು ನೋಡಿ ಆಮೇಲೆ ಕೆಲಸ ಒಪ್ಪಿಕೊಳ್ಳಿ.

ಇನ್ನು ಕೋಣೆ. ವಾರ್ಡ್‌ರೋಬ್ ಬಚ್ಚಲ ಗೋಡೆಗೆ ಬೇಡ, ಪಡುವಣ ಗೋಡೆಗೆ ಮಾಡಿಸಿ. ಕಾಯುತ್ತದೆ ಅಂತ ಅದನ್ನು ಖಾಲಿ ಬಿಟ್ಟಿದ್ದೀರಿ, ನಾನು ಅದೇ ಕಾರಣಕ್ಕೆ ಅಲ್ಲಿಗೆ ಹೇಳುತ್ತೇನೆ. ಬಟ್ಟೆ, ಕೌದಿ ತುಂಬಿದ ಕಪಾಟು ಗೋಡೆಯ ಶಾಖವನ್ನು ತಡೆದು ನಿಲ್ಲಿಸುತ್ತದೆ, ಸಂಜೆ ಮಲಗುವ ಹೊತ್ತಿಗೆ ಕೋಣೆ ಈಗಿನಷ್ಟು ಕಾವು ಇರುವುದಿಲ್ಲ. ಬಟ್ಟೆಗೆ ಆ ಕಾವಿನಿಂದ ತೊಂದರೆ ಇಲ್ಲ, ತೇವದಿಂದ ತೊಂದರೆ.

ಆಳದ ವಿಷಯ ಬಹಳ ಮುಖ್ಯ. ಬಡಿಗೇರರು ಕೇಳದೇ 24 ಇಂಚು ಆಳ ಹಾಕುತ್ತಾರೆ. ಕೋಟು, ಅಂಗಿ ಹ್ಯಾಂಗರಿಗೆ ಅಡ್ಡ ನೇತುಹಾಕಲು ಅಷ್ಟು ಬೇಕು, ನಿಜ. ಆದರೆ ನಿಮ್ಮ ಮನೆಯ ಬಟ್ಟೆಯಲ್ಲಿ ಎಷ್ಟು ನೇತುಹಾಕುತ್ತೀರಿ, ಎಷ್ಟು ಮಡಿಸಿಡುತ್ತೀರಿ ಯೋಚಿಸಿ. ಸೀರೆ, ಧೋತರ, ಮಕ್ಕಳ ಬಟ್ಟೆ, ಹಾಸಿಗೆ ಹೊದಿಕೆ ಎಲ್ಲಾ ಮಡಿಸುವಂಥವೇ. ಮಡಿಸಿದ ಸೀರೆಗೆ 15 ಇಂಚು ಸಾಕು. ಎರಡಡಿ ಆಳ ಮಾಡಿದರೆ ಹಿಂದೊಂದು ಸಾಲು ಹೋಗಿ ಕೂರುತ್ತದೆ, ಅದನ್ನು ತೆಗೆಯಲು ಮುಂದಿನದ್ದೆಲ್ಲ ಇಳಿಸಬೇಕು, ಕೊನೆಗೆ ಹಿಂದಿನದ್ದು ಮರೆತೇ ಹೋಗುತ್ತದೆ. ಹಾಗಾಗಿ 16 ಇಂಚು ಆಳ, ಹತ್ತಡಿ ಗೋಡೆ ಪೂರ್ತಿ ಮಾಡಿಸಿ. 10×10 ಕೋಣೆಯಲ್ಲಿ ನೆಲದ 8 ಇಂಚು ಉದ್ದಕ್ಕೂ ಉಳಿಯುತ್ತದೆ, ಮಂಚದ ಪಕ್ಕ ಒಬ್ಬರು ನೆಟ್ಟಗೆ ಓಡಾಡಬಹುದು. ಅಂಗಿಗಳಿಗೆ ಒಂದು ಖಾನೆಯಲ್ಲಿ ಮುಂದಕ್ಕೆ ಎಳೆಯುವ ಸರಳು ಹಾಕಿಸಿ, ಬಟ್ಟೆ ಎದುರುಮುಖವಾಗಿ ನೇತಾಡುತ್ತದೆ, 16 ಇಂಚೇ ಸಾಕಾಗುತ್ತದೆ. ಆ ಖಾನೆಗೆ ಮೂರೂವರೆ ಅಡಿ ಎತ್ತರ ಕೊಡಿ, ಕೆಳಗೆ ಡ್ರಾಯರ್. ಉಳಿದ ಹಲಗೆಗಳ ನಡುವೆ 12 ಇಂಚು. ಇದಕ್ಕಿಂತ ಜಾಸ್ತಿ ಬಿಟ್ಟರೆ ಬಟ್ಟೆ ಪೇರಿಸಿ ಪೇರಿಸಿ ವಾಲುತ್ತದೆ.

ಹಲಗೆಗೆ ಕಡಪ ಕಲ್ಲೇ ನನ್ನ ಆಯ್ಕೆ. ಇಲ್ಲಿ ಆಸಿಡ್ ಬೀಳುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಬಾಗುವುದಿಲ್ಲ. ಮೂರಡಿಗೊಂದು ನಿಲುವು ಕಲ್ಲು ಇರಲಿ, ಅಂಚು ತಿಕ್ಕಿಸಿ ನುಣುಪು ಮಾಡಿಸಿ, ಇಲ್ಲದಿದ್ದರೆ ಸೀರೆಯ ಎಳೆ ಸಿಕ್ಕಿಕೊಳ್ಳುತ್ತದೆ. ಸೀರೆಯ ಕೆಳಗೆ ಹತ್ತಿ ಬಟ್ಟೆ ಹಾಸಿ. ಕಲ್ಲು ಭಾರ, ನಿಮ್ಮದು ನೆಲಮಹಡಿ ಆದ್ದರಿಂದ ಹೇಳುತ್ತಿದ್ದೇನೆ, ಮೇಲಿನ ಮಹಡಿಯಲ್ಲಿ ಇರುವವರು ಇದನ್ನು ಓದಿ ಹಾಗೇ ಮಾಡಿಸಬೇಡಿ. ಬಾಗಿಲಿಗೆ ಮಾತ್ರ ಪ್ಲೈವುಡ್, ಐಎಸ್ 710 ಅಂತ ಹಲಗೆಯ ಮೇಲೆ ಮುದ್ರೆ ಇರುವುದು. ಐಎಸ್ 303 ಒಣ ಕೋಣೆಗೆ ನಡೆಯುತ್ತದೆ, ಆದರೆ ನಿಮ್ಮ ಮನೆಯಲ್ಲಿ ತೇವದ ಚರಿತ್ರೆ ಇದೆ, ಬಾಗಿಲಿಗಷ್ಟೇ ಬೇಕಾಗುವುದರಿಂದ ಖರ್ಚೂ ಹೆಚ್ಚಲ್ಲ. ಪುಡಿ ಒತ್ತಿ ಮಾಡಿದ ಬೋರ್ಡು ಬೇಡವೇ ಬೇಡ. ಬಾಗಿಲುಗಳು ಸಣ್ಣವಿರಲಿ, ಒಂದೊಂದು ಒಂದೂವರೆ ಅಡಿ ಅಗಲ, ತೆರೆದಾಗ ಮಂಚಕ್ಕೆ ತಾಗುವುದಿಲ್ಲ. ಸರಿಯುವ ಬಾಗಿಲು ಚಂದ, ಆದರೆ ಹಳಿಗೆ ಮೂರ್ನಾಲ್ಕು ಇಂಚು ಆಳ ಹೋಗುತ್ತದೆ, ನಮ್ಮ ದೂಳಿಗೆ ಹಳಿ ಬೇಗ ಬಿಗಿಯುತ್ತದೆ. ಬಾಗಿಲಿಲ್ಲದ ತೆರೆದ ಹಲಗೆಯನ್ನಂತೂ ಈ ಊರಿನಲ್ಲಿ ಮಾಡಿಸಬೇಡಿ.

ಏಳಡಿಯಿಂದ ಸ್ಲಾಬ್‌ವರೆಗೆ ಅಟ್ಟ. ಕೌದಿ, ಮದುವೆ ಪಾತ್ರೆ, ಹಬ್ಬದ ಸಾಮಾನು ಅಲ್ಲಿಗೆ. ಅತ್ತೆಯವರ ಹಂಡೆಯೂ ಅಲ್ಲಿಗೇ ಹೋಗಲಿ. ಅದನ್ನು ಮಾರಿಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅವರ ವಸ್ತು, ಅವರ ಮನಸ್ಸು. ಹೊಟ್ಟೆಯೊಳಗೆ ಎರಡು ಕೌದಿ ಹಿಡಿಯುತ್ತದೆ, ಜಾಗವೂ ದಂಡವಾಗುವುದಿಲ್ಲ. ಅಟ್ಟ ಸೇರಿತೆಂದರೆ ಟ್ರಂಕು ಬೇಡವಾಗುತ್ತದೆ, ಕಪಾಟು ತುಂಬಿದ ಮೇಲೆ ತಿಜೋರಿಯೂ ನಡುಮನೆಗೆ ಹೋಗಬಹುದು.

ಅಕ್ಕಿ ಚೀಲ ಮಲಗುವ ಕೋಣೆಯಲ್ಲಿ ಇರಬಾರದು. ಅದೂ ತೇವದ ಗೋಡೆ ಇರುವ ಕೋಣೆಯಲ್ಲಿ. ಮಾಳಿಗೆಗೆ ಹೋಗುವ ಮೆಟ್ಟಿಲ ಕೆಳಗೆ ಜಾಗ ಇದ್ದರೆ ಬಾಗಿಲು ಹಾಕಿಸಿ ಅಲ್ಲಿಡಿ, ನೆಲದಿಂದ ಅರ್ಧ ಅಡಿ ಎತ್ತರದ ಕಡಪ ಹಲಗೆಯ ಮೇಲೆ, ಗೋಡೆಗೆ ತಾಗಿಸದೆ. ಇಲಿ ಕಾಟ ಇದ್ದರೆ ತಗಡಿನ ಕಣಜ ತಗೊಳ್ಳಿ. ಕಾಳು ಚೆನ್ನಾಗಿ ಒಣಗಿರಬೇಕು, ಶೇಕಡ 12ಕ್ಕಿಂತ ಜಾಸ್ತಿ ತೇವ ಇದ್ದರೆ ಯಾವ ಡಬ್ಬಿಯಲ್ಲಿಟ್ಟರೂ ಹುಳ ಬೀಳುತ್ತದೆ.

ದುಡ್ಡಿನ ಮಾತು. ಎರಡು ಲಕ್ಷದಲ್ಲಿ ಎಲ್ಲವೂ ಒಂದೇ ಸಲ ಆಗದೇ ಇರಬಹುದು, ಆಗ ಅನುಕ್ರಮ ಹೀಗಿರಲಿ: ಮೊದಲು ಸಂಪು, ಟ್ಯಾಂಕು, ಪೈಪು. ಆಮೇಲೆ ಪಾಯಖಾನೆ. ಆಮೇಲೆ ಬಚ್ಚಲು. ಕೊನೆಗೆ ವಾರ್ಡ್‌ರೋಬ್. ದುಡ್ಡು ಕಮ್ಮಿ ಬಿದ್ದರೆ ವಾರ್ಡ್‌ರೋಬಿನ ಬಾಗಿಲು ಮುಂದಿನ ವರ್ಷಕ್ಕೆ ಬಿಡಿ, ಅಲ್ಲಿಯವರೆಗೆ ಪರದೆ ಕಟ್ಟಿ. ಗೋಡೆಯ ಟೈಲ್ಸ್ ಸೂರಿನವರೆಗೆ ಬೇಡ, 7 ಅಡಿಗೆ ನಿಲ್ಲಿಸಿ. ನೀರು ತಡೆಯುವ ಲೇಪದಲ್ಲಿ ಮಾತ್ರ ಒಂದು ರೂಪಾಯಿಯೂ ಉಳಿಸಬೇಡಿ.

ಬಚ್ಚಲು, ಪಾಯಖಾನೆ ಎರಡನ್ನೂ ಒಟ್ಟಿಗೆ ಒಡೆಯಬೇಡಿ. ಒಂದು ಮುಗಿದು ಬಳಕೆಗೆ ಬಂದ ಮೇಲೆ ಇನ್ನೊಂದು. ಬೇಸಿಗೆಯಲ್ಲಿ ಶುರು ಮಾಡಬೇಡಿ, ಆ ಬಿಸಿಲಿಗೆ ಗಾರೆ ನೀರು ಕುಡಿಯುವ ಮೊದಲೇ ಒಣಗಿ ಬಿರಿಯುತ್ತದೆ, ಏಳು ದಿನ ನೆನೆಸಲು ನೀರೂ ಇರುವುದಿಲ್ಲ. ದೀಪಾವಳಿ ಆದ ಮೇಲೆ ಹಿಡಿದರೆ ಸಂಕ್ರಾಂತಿ ಹೊತ್ತಿಗೆ ಮುಗಿಸಬಹುದು. ಕೋಣೆಯ ಕಡೆಯ ಹಾಳಾದ ಗಾರೆಯನ್ನು ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ, ಇಟ್ಟಿಗೆ ಬಯಲಾಗಿಯೇ ಇರಲಿ. ಆ ಗೋಡೆ ಬೇಸಿಗೆಯಿಡೀ ಒಣಗಲಿ, ಆಮೇಲೆ ಗಾರೆ, ಬಣ್ಣ. ನೋಡಲು ಚಂದ ಇರುವುದಿಲ್ಲ, ಬೀಗರು ಬಂದಾಗ ಮುಜುಗರ ಆಗಬಹುದು, ಆದರೂ ಅವಸರ ಬೇಡ.

ಮತ್ತೆ ಒಂದು ಸಣ್ಣ ಕೆಲಸ, ಇದನ್ನು ನೀವೇ ಮಾಡಬೇಕು. ಪೈಪು ಕೂರಿಸಿ ಗಾರೆ ಮುಚ್ಚುವ ಹಿಂದಿನ ದಿನ ನಾಲ್ಕೂ ಗೋಡೆಗೆ ಟೇಪು ಹಿಡಿದು, ಅಳತೆ ಕಾಣುವಂತೆ ಫೋಟೋ ತೆಗೆದಿಡಿ, ಮನೆಯಲ್ಲಿ ಇಬ್ಬರ ಫೋನಿನಲ್ಲಾದರೂ ಇರಲಿ. ಮುಂದೆ ಕೊಕ್ಕೆ ಹೊಡೆಯಲು ಡ್ರಿಲ್ ಹಿಡಿದು ಬಂದವರಿಗೆ ಮೊದಲು ಅದನ್ನು ತೋರಿಸಿ.